‘ಏನು ವಿಶೇಷ, ಪಂಚೆ ಉಟ್ಟಿದ್ದೀರಿ?’ ಎಂದು ಕೇಳಿದರೆ ಏನು ಹೇಳಲಿ?

ಪ್ರಶ್ನೆ: ನನ್ನೂರು ಗದಗ ಜಿಲ್ಲೆಯ ಒಂದು ಹಳ್ಳಿ. ಹನ್ನೆರಡು ವರ್ಷದಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಮನೆಯಲ್ಲಿ ಪಂಚೆ ಉಡುತ್ತೇನೆ. ಹೊರಗೂ, ಆಫೀಸಿಗೂ ಉಡಬೇಕು ಅನ್ನಿಸುತ್ತದೆ. ಒಂದೆರಡು ಸಲ ಉಟ್ಟು ಹೋದೆ. ‘ಏನು ವಿಶೇಷ? ಮನೇಲಿ ಪೂಜೆನಾ?’ ಎಂದು ಹತ್ತು ಜನ ಕೇಳಿದರು. ಹೆಂಡತಿಗೂ ಮುಜುಗರ. ಅವಳು ಸೀರೆ ಉಟ್ಟು ಹೋದರೆ ಯಾರೂ ಏನೂ ಕೇಳುವುದಿಲ್ಲ. ಇದು ಹೇಗೆ? ನಮ್ಮ ದೇಶಕ್ಕೆ ರಾಷ್ಟ್ರೀಯ ಉಡುಪು ಅಂತ ಇದೆಯಾ? ಸರ್ಕಾರವೇ ವಾರಕ್ಕೊಂದು ದಿನ ನಮ್ಮ ಉಡುಪು ಕಡ್ಡಾಯ ಮಾಡಿದರೆ ಒಳ್ಳೆಯದಲ್ವಾ? ಇನ್ನೊಂದು ಮಾತು. ಕಳೆದ ದೀಪಾವಳಿಗೆ ಅಪ್ಪ ಬಂದಿದ್ದರು. ಮಾಲ್‌ಗೆ ಹೊರಟಾಗ ‘ಧೋತರ ಬ್ಯಾಡ, ನನ್ನ ಪ್ಯಾಂಟ್ ಹಾಕ್ಕೋ’ ಅಂದೆ. ಮಾತಾಡದೆ ಹಾಕಿಕೊಂಡರು. ಅವತ್ತಿಂದ ನನಗೆ ಸಮಾಧಾನವಿಲ್ಲ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲುಗಳನ್ನು ಎರಡು ಸಲ ಓದಿದೆ. ಅಪ್ಪನ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕೆ ಬರುವ ಮೊದಲು ಉಳಿದದ್ದನ್ನು ಹೇಳಲೇಬೇಕು.

ಮೊದಲು ಸುಲಭದ್ದು. ಭಾರತಕ್ಕೆ ಕಾನೂನಿನ ಪ್ರಕಾರ ರಾಷ್ಟ್ರೀಯ ಉಡುಪು ಅಂತ ಯಾವುದೂ ಇಲ್ಲ. ಧ್ವಜ ಇದೆ, ಲಾಂಛನ ಇದೆ, ಗೀತೆ ಇದೆ. ಉಡುಪು ಇಲ್ಲ. ಅದೊಂದು ಕೊರತೆ ಎಂದು ನನಗೆ ಯಾವತ್ತೂ ಅನ್ನಿಸಿಲ್ಲ. ಕರ್ನಾಟಕ ಒಂದನ್ನೇ ನೋಡಿ. ನಿಮ್ಮ ಕಡೆ ಕಚ್ಚೆ ಹಾಕಿದ ಧೋತರ, ಬಿಳಿ ಅಂಗಿ, ತಲೆಗೆ ರುಮಾಲು. ಮೈಸೂರು ಕಡೆ ಪಂಚೆ, ಶಲ್ಯ, ಪೇಟ. ಕರಾವಳಿಯಲ್ಲಿ ಮುಂಡು. ಕೊಡಗಿನಲ್ಲಿ ಕುಪ್ಯ ಎಂಬ ಕಪ್ಪು ನಿಲುವಂಗಿ, ನಡುವಿಗೆ ಚೇಲೆ ಎಂಬ ಕೆಂಪು ಪಟ್ಟಿ, ಅದರೊಳಗೆ ಪೀಚೆಕತ್ತಿ. ಅಲ್ಲಿನ ಹೆಂಗಸರ ಸೀರೆಯ ನೆರಿಗೆ ಬೆನ್ನ ಹಿಂದೆ ಇರುತ್ತದೆ. ಇಳಕಲ್ ಸೀರೆ ಉಟ್ಟವರಿಗೆ ಗುಳೇದಗುಡ್ಡದ ಖಣದ ಕುಪ್ಪಸವೇ ಬೇಕು. ಇದರಲ್ಲಿ ಒಂದನ್ನು ಆರಿಸಿ ‘ಇದೇ ನಮ್ಮದು’ ಎಂದು ಹೇಳುವುದು ಯಾರಿಂದ ಆದೀತು?

ನಮ್ಮ ಭಾಷೆಯನ್ನೇ ಸ್ವಲ್ಪ ಗಮನಿಸಿ. ಸೀರೆ, ಪಂಚೆ ಉಡುತ್ತೇವೆ. ಕುಪ್ಪಸ, ಅಂಗಿ ತೊಡುತ್ತೇವೆ. ಕಂಬಳಿ, ಶಾಲು ಹೊದೆಯುತ್ತೇವೆ. ರುಮಾಲು ಸುತ್ತುತ್ತೇವೆ. ಹೊಲಿಯದ ಬಟ್ಟೆಗೆ ಒಂದು ಮಾತು, ಹೊಲಿದ ಬಟ್ಟೆಗೆ ಇನ್ನೊಂದು. ‘ಉಡುಗೆ ತೊಡುಗೆ’ ಎಂಬ ಜೋಡಿ ಹುಟ್ಟಿದ್ದು ಹಾಗೆ. ಈಗ ಪೇಟೆಯ ಮಕ್ಕಳು ಎಲ್ಲದಕ್ಕೂ ‘ಹಾಕ್ಕೊಳ್ಳೋದು’ ಅನ್ನುತ್ತಾರೆ. ಅವರನ್ನು ಬೈಯಬೇಕಾಗಿಲ್ಲ. ಮನೆಯಲ್ಲಿ ಉಡುವವರು ಕಡಿಮೆಯಾದರೆ ‘ಉಡು’ ಎಂಬ ಮಾತೂ ಕಡಿಮೆಯಾಗುತ್ತದೆ, ಅಷ್ಟೆ. ನೀವು ಪತ್ರದಲ್ಲಿ ‘ಪಂಚೆ ಉಡುತ್ತೇನೆ’ ಎಂದೇ ಬರೆದಿದ್ದೀರಿ. ನನಗೆ ಖುಷಿಯಾಯಿತು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಸೀರೆ ಆಫೀಸಿಗೆ ಸಲ್ಲುತ್ತದೆ, ಪಂಚೆ ಯಾಕೆ ಸಲ್ಲುವುದಿಲ್ಲ?

ಬ್ರಿಟಿಷರ ಕಾಲದಲ್ಲಿ ಕಚೇರಿಗೆ ಹೋದವರು ಗಂಡಸರು. ಕಚೇರಿಯ ಬಟ್ಟೆ ಮೊದಲು ಬದಲಾದದ್ದು ಅವರ ಮೈ ಮೇಲೆ. ಅದು ಒಂದೇ ದಿನ ಬದಲಾಗಲಿಲ್ಲ. ಹಳೇ ಮೈಸೂರಿನ ಮೇಷ್ಟರುಗಳ, ಗುಮಾಸ್ತರ ಫೋಟೋ ನೋಡಿ. ತಲೆಗೆ ಪೇಟ, ಮೈಗೆ ಕೋಟು, ಕೆಳಗೆ ಕಚ್ಚೆ ಪಂಚೆ. ಹೊಲಿದ ಬಟ್ಟೆ ಮೇಲ್ಮೈಗೆ ಮೊದಲು ಬಂತು, ಕೆಳಗೆ ಬಹಳ ನಿಧಾನವಾಗಿ ಇಳಿಯಿತು. ಪಂಚೆಯ ಮೇಲೆ ನಾವು ತೊಡುವ ಕಾಲರ್ ಶರ್ಟು ಕೂಡ ಆ ನಡುಗಾಲದ್ದೇ. ಹಾಗಾಗಿ ‘ಶುದ್ಧ ಸಾಂಪ್ರದಾಯಿಕ’ ಎಂಬ ಮಾತನ್ನು ನಾನು ಬಳಸುವುದಿಲ್ಲ. ನಮ್ಮ ಅಜ್ಜಂದಿರು ಕೋಟನ್ನೂ ಪಂಚೆಯನ್ನೂ ಜೊತೆಯಲ್ಲೇ ಧರಿಸಿ ಸರ್ಕಾರ ನಡೆಸಿದರು. ಅದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ.

ಹೆಂಗಸರ ಕಥೆ ಬೇರೆ. ಅವರು ಮನೆಯಲ್ಲೇ ಇದ್ದರು. ‘ಗಂಡಸು ಬದಲಾಗಲಿ, ಸಂಸ್ಕೃತಿಯನ್ನು ಹೆಂಗಸು ಕಾಯಲಿ’ ಎಂದು ಸಮಾಜ ಆ ಭಾರವನ್ನು ಅವರ ಹೆಗಲಿಗೆ ಹೊರಿಸಿತು. ಇದು ನ್ಯಾಯವಲ್ಲ ಅಂತಲೇ ನನ್ನ ಅಭಿಪ್ರಾಯ. ಆದರೆ ಅದರಿಂದ ಒಂದು ಪರಿಣಾಮ ಆಯಿತು. ಹೆಂಗಸರು ಟೀಚರ್, ನರ್ಸ್, ಕ್ಲರ್ಕ್ ಆಗಿ ಹೊರಗೆ ಬಂದಾಗ ಸೀರೆ ಅವರ ಜೊತೆಗೇ ಹೊರಗೆ ಬಂತು. ಬರುವಾಗ ಅದೂ ಬದಲಾಗಿತ್ತು. ಒಳಲಂಗ, ರವಿಕೆ, ಮುಂದೆ ನೆರಿಗೆ, ಎಡಭುಜಕ್ಕೆ ಸೆರಗು ಎಂಬ ಇವತ್ತಿನ ಕ್ರಮ ದೇಶದ ತುಂಬ ಹರಡಿದ್ದು 19ನೇ ಶತಮಾನದ ಕೊನೆಯಿಂದ ಈಚೆಗೆ. ಬಂಗಾಳದಲ್ಲಿ ರವೀಂದ್ರನಾಥ ಠಾಕೂರರ ಮನೆತನದ ಜ್ಞಾನದಾನಂದಿನಿ ದೇವಿ ಹೊರಗೆ ಓಡಾಡುವ ಹೆಂಗಸರಿಗೆ ಅನುಕೂಲವಾಗುವ ಒಂದು ಕ್ರಮವನ್ನು ರೂಢಿಗೆ ತಂದರು. ರಾಜಾ ರವಿವರ್ಮನ ಚಿತ್ರಗಳ ಅಚ್ಚುಗಳು ಸೀರೆಯುಟ್ಟ ದೇವಿಯರನ್ನು ಮನೆಮನೆಯ ಗೋಡೆಗೆ ತಂದವು. ನಿಮ್ಮ ಕಡೆಯ ಕಚ್ಚೆ ಸೀರೆ ಇದಕ್ಕಿಂತ ಹಳೆಯದು. ಅದು ಈಗ ಎಲ್ಲಿದೆ? ಹೊಲದಲ್ಲಿ ದುಡಿಯುವ ಅಜ್ಜಿಯರ ಮೈ ಮೇಲೆ.

ಸೀರೆಗಾಗಿ ಸಮಾಜ ಜಾಗ ಮಾಡಿಕೊಟ್ಟಿತು ಎಂಬುದಕ್ಕೆ ನನ್ನ ಮೆಚ್ಚಿನ ಉದಾಹರಣೆ ಬೈಕಿನಲ್ಲಿದೆ. ಹಿಂದಿನ ಚಕ್ರದ ಪಕ್ಕದಲ್ಲಿ ಒಂದು ಜಾಲರಿ ಇರುತ್ತದಲ್ಲ, ಅದೇ ಸೀರೆ ಗಾರ್ಡ್. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಅದಕ್ಕೆ ನಿಯಮವೇ ಇದೆ. ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಗದಂತೆ ಚಕ್ರದ ಅರ್ಧ ಭಾಗವನ್ನಾದರೂ ಮುಚ್ಚಿರಬೇಕು. ‘ಗಾಡಿಗೆ ಒಗ್ಗುವ ಬಟ್ಟೆ ಹಾಕ್ಕೊಳ್ಳಿ’ ಎಂದು ಹೆಂಗಸರಿಗೆ ಹೇಳಲಿಲ್ಲ. ಗಾಡಿಯನ್ನೇ ಬಟ್ಟೆಗೆ ಒಗ್ಗಿಸಿದರು. ಪಂಚೆಗೆ ಇಂಥ ಅದೃಷ್ಟ ಬರಲಿಲ್ಲ. ಅಷ್ಟು ಹೊತ್ತಿಗೆ ಗಂಡಸರು ಅದನ್ನು ಬಿಟ್ಟಾಗಿತ್ತು.

ಬಿಡಲು ಒಳ್ಳೆಯ ಕಾರಣಗಳೂ ಇದ್ದವು. ಅದನ್ನು ಮುಚ್ಚಿಡಬಾರದು. ಓಡುವ ಯಂತ್ರದ ಹತ್ತಿರ ಧೋತರ ಅಪಾಯ. 1948ರ ಕಾರ್ಖಾನೆ ಕಾಯ್ದೆಯಲ್ಲಿ, ಓಡುತ್ತಿರುವ ಯಂತ್ರಕ್ಕೆ ಎಣ್ಣೆ ಹಾಕುವವನು ಮೈಗಂಟುವ ಬಟ್ಟೆಯಲ್ಲೇ ಇರಬೇಕು ಎಂದಿತ್ತು. ಲೇತ್ ಮುಂದೆ ನಿಲ್ಲುವವನಿಗೆ ನಾನು ಪಂಚೆ ಉಡು ಎಂದು ಯಾವತ್ತೂ ಹೇಳುವುದಿಲ್ಲ. ಆದರೆ ಕೀಬೋರ್ಡ್ ಮುಂದೆ ಕೂತವನಿಗೆ ಏನು ಅಪಾಯ? ವಕೀಲರ ಉದಾಹರಣೆ ತಗೊಳ್ಳಿ. ಭಾರತೀಯ ವಕೀಲರ ಪರಿಷತ್ತಿನ ನಿಯಮದಲ್ಲಿ ಗಂಡಸರಿಗೆ ಕಪ್ಪು ಕೋಟಿನ ಜೊತೆ ಪ್ಯಾಂಟು ಇಲ್ಲವೇ ಧೋತಿ ಎಂದೇ ಇದೆ. ಜೀನ್ಸ್‌ಗೆ ಮಾತ್ರ ಜಾಗವಿಲ್ಲ. ನಿಯಮ ಬಾಗಿಲು ತೆರೆದೇ ಇಟ್ಟಿದೆ. ಆದರೂ ನಿಮ್ಮೂರಿನ ಕೋರ್ಟಿನಲ್ಲಿ ಕೋಟಿನ ಕೆಳಗೆ ಧೋತಿ ಉಟ್ಟ ವಕೀಲರನ್ನು ಎಷ್ಟು ಸಲ ನೋಡಿದ್ದೀರಿ? ಹಾಗಾದರೆ ತಡೆಯುತ್ತಿರುವುದು ನಿಯಮವಲ್ಲ. ನಮ್ಮ ಕಣ್ಣು.

ಈ ಕಣ್ಣಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಎಲ್ಲ ಇರುವುದು ಅಲ್ಲೇ.

ನಾನು ಮಗ್ಗದ ಮನೆಯವನು. ನಮ್ಮಪ್ಪ ಇಳಕಲ್‌ನಲ್ಲಿ ಕುಣಿ ಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟಿದ ಎಳೆಗಳಿಗೆ ಹಾಸು ಅನ್ನುತ್ತೇವೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಸೇರಿಸಬೇಕು. ಇಳಕಲ್‌ನ ಹೆಸರಾದ ಟೋಪ ತೆನಿ ಸೆರಗು ಬರುವುದು ಹಾಗೆ. ಬಟ್ಟೆಯ ಬಗ್ಗೆ ಆ ಊರಿನಲ್ಲಿ ಅಪ್ಪನಷ್ಟು ತಿಳಿದವರು ಕಡಿಮೆ. ಹಗಲೂ ರಾತ್ರಿ ಧೋತರದಲ್ಲೇ ಇರುತ್ತಿದ್ದರು. ಬ್ಯಾಂಕಿಗೆ ಹೋಗುವ ದಿನ ಮಾತ್ರ ನಮ್ಮಣ್ಣನ ಪ್ಯಾಂಟು ಕೇಳಿ ಹಾಕಿಕೊಳ್ಳುತ್ತಿದ್ದರು. ಯಾಕಪ್ಪಾ ಅಂದರೆ, ‘ಧೋತರ ಉಟ್ಟು ಹ್ವಾದ್ರ ನಿಂದ್ರಸ್ತಾರ, ಪ್ಯಾಂಟ್ ಹಾಕಿದ್ರ ಕುಂದ್ರಸ್ತಾರ’ ಅಂದಿದ್ದರು. ಮೂವತ್ತು ವರ್ಷ ಉಡುಪಿನ ಚರಿತ್ರೆ ಕಲಿಸಿದೆ. ಈ ಮಾತಿಗಿಂತ ಚೊಕ್ಕವಾಗಿ ನನಗೆ ಅದನ್ನು ಹೇಳಲು ಬಂದಿಲ್ಲ.

2024ರ ಜುಲೈ ನೆನಪಿದೆಯಾ? ಬೆಂಗಳೂರಿನ ಮಾಗಡಿ ರಸ್ತೆಯ ಒಂದು ಮಾಲ್‌ಗೆ ಹಾವೇರಿ ಜಿಲ್ಲೆಯ ರೈತರೊಬ್ಬರು ಮಗನ ಜೊತೆ ಸಿನಿಮಾ ನೋಡಲು ಬಂದಿದ್ದರು. ಕೈಯಲ್ಲಿ ಟಿಕೆಟ್ ಇತ್ತು. ಪಂಚೆ ಉಟ್ಟಿದ್ದಾರೆ ಎಂದು ಬಾಗಿಲಲ್ಲೇ ತಡೆದರು. ವಿಡಿಯೋ ಹರಡಿತು, ಪ್ರತಿಭಟನೆ ಆಯಿತು, ವಿಧಾನಸಭೆಯಲ್ಲಿ ಚರ್ಚೆ ಆಯಿತು, ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಹೇಳಿತು. ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ ಅದೇ ಸಭೆಯಲ್ಲಿ ಪಂಚೆ ಉಟ್ಟು ಕೂರುತ್ತಿದ್ದರು. 1996ರಲ್ಲಿ ದೇವೇಗೌಡರು ಪಂಚೆ ಉಟ್ಟೇ ದೇಶದ ಪ್ರಧಾನಿಯಾದರು. ಡಾ. ರಾಜ್‌ಕುಮಾರ್ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಬಿಳಿ ಪಂಚೆ, ಬಿಳಿ ಶರ್ಟು. ಅಂದರೆ ಪಂಚೆಯನ್ನು ಕಂಡರೆ ನಮಗೆ ಅಸಡ್ಡೆ ಎಂದು ಹೇಳುವಂತಿಲ್ಲ. ಯಾರ ನಡುವಿನಲ್ಲಿದೆ ಎಂದು ನೋಡಿ ಬೆಲೆ ಕಟ್ಟುತ್ತೇವೆ. ಮದುಮಗನ ನಡುವಿನಲ್ಲಿದ್ದರೆ ಸಂಸ್ಕೃತಿ. ಮಂತ್ರಿಯ ನಡುವಿನಲ್ಲಿದ್ದರೆ ಸರಳತೆ. ರೈತನ ನಡುವಿನಲ್ಲಿದ್ದರೆ ಬಡತನ.

ಗಾಂಧೀಜಿ 1921ರ ಸೆಪ್ಟೆಂಬರ್ 22ರಂದು ಮದುರೆಯಲ್ಲಿ ಅಂಗಿ, ಟೋಪಿ ಬಿಟ್ಟು ತುಂಡು ಬಟ್ಟೆಗೆ ಬಂದರು. ಹೊಲದಲ್ಲಿ ದುಡಿಯುವವನ ಬಟ್ಟೆಯೇ ತನ್ನ ಬಟ್ಟೆ ಎಂದು ಬೇಕೆಂದೇ ಆರಿಸಿಕೊಂಡದ್ದು ಅದು. ನೂರಾಮೂರು ವರ್ಷದ ಮೇಲೆ ನಾವು ಬಾಗಿಲಲ್ಲಿ ನಿಲ್ಲಿಸಿದ್ದು ಅದೇ ರೈತನನ್ನು.

ತಮಿಳುನಾಡಿನಲ್ಲಿ ಹೀಗೇ ಆದಾಗ ಅವರು ಕಾನೂನನ್ನೇ ತಂದರು. 2014ರ ಜುಲೈನಲ್ಲಿ ಚೆನ್ನೈನ ಒಂದು ಕ್ರಿಕೆಟ್ ಕ್ಲಬ್‌ನಲ್ಲಿ ಪುಸ್ತಕ ಬಿಡುಗಡೆ ಇತ್ತು. ವೇಷ್ಟಿ, ಅಂದರೆ ತಮಿಳರ ಪಂಚೆ, ಉಟ್ಟು ಬಂದ ಹೈಕೋರ್ಟ್ ನ್ಯಾಯಾಧೀಶರನ್ನೇ ಒಳಗೆ ಬಿಡಲಿಲ್ಲ. ಮುಂದಿನ ತಿಂಗಳೇ ವಿಧಾನಸಭೆ ಮಸೂದೆ ಪಾಸು ಮಾಡಿತು. ವೇಷ್ಟಿ ಉಟ್ಟ ಕಾರಣಕ್ಕೆ ಕ್ಲಬ್ಬಿನಂಥ ಸಾರ್ವಜನಿಕ ಜಾಗಗಳಲ್ಲಿ ತಡೆದರೆ ಅವರ ಲೈಸೆನ್ಸ್ ಹೋಗುತ್ತದೆ. ಇಂಥ ಕಾನೂನನ್ನು ನಾನು ಒಪ್ಪುತ್ತೇನೆ. ಕರ್ನಾಟಕಕ್ಕೂ ಬೇಕು ಅನ್ನುತ್ತೇನೆ. ಇದು ಯಾರಿಗೂ ‘ಇದನ್ನು ಉಡು’ ಎಂದು ಹೇಳುವುದಿಲ್ಲ. ‘ಉಟ್ಟವನನ್ನು ತಡೆಯಬೇಡ’ ಎಂದಷ್ಟೇ ಹೇಳುತ್ತದೆ.

ನೀವು ಕೇಳಿದ ಕಡ್ಡಾಯಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ. ಕಡ್ಡಾಯ ಬೇಡ. ದಯವಿಟ್ಟು ಬೇಡ. ಭೂತಾನ್ ನಮ್ಮ ಪಕ್ಕದಲ್ಲೇ ಇದೆ. ಅಲ್ಲಿ ಗಂಡಸರಿಗೆ ಘೋ, ಹೆಂಗಸರಿಗೆ ಕಿರಾ. ನೋಡಲು ಬಹಳ ಚೆಂದ. ಕಚೇರಿಗೂ ಶಾಲೆಗೂ ಅದನ್ನೇ ಉಡುತ್ತಾರೆ. ಅದನ್ನು ನೋಡಿ ಬಂದ ನಮ್ಮವರು ‘ನಮ್ಮಲ್ಲೂ ಹೀಗೆ ಮಾಡಬೇಕು’ ಅನ್ನುತ್ತಾರೆ. ಆದರೆ 1989ರಲ್ಲಿ ರಾಜಾಜ್ಞೆ ಆ ಉಡುಪನ್ನು ಎಲ್ಲರಿಗೂ ಕಡ್ಡಾಯ ಮಾಡಿತು. ದಕ್ಷಿಣದಲ್ಲಿ ನೇಪಾಳಿ ಮಾತಾಡುವ ಲೋತ್ಸಂಪಾ ಜನರಿದ್ದರು. ಅವರದು ಬೇರೆ ಉಡುಪು, ಸೆಕೆಯ ಸೀಮೆ. ಅವರಿಗೂ ಅದೇ ನಿಯಮ. ಭಾಷೆಯ, ಪೌರತ್ವದ ಗಲಾಟೆಯ ಜೊತೆ ಇದೂ ಸೇರಿತು. 1990ರ ದಶಕದಲ್ಲಿ ಸುಮಾರು ಒಂದು ಲಕ್ಷ ಜನ ನಿರಾಶ್ರಿತರಾಗಿ ನೇಪಾಳದ ಶಿಬಿರಗಳಿಗೆ ಹೋದರು. ಒಬ್ಬರಿಗೆ ಹೆಮ್ಮೆಯಾದ ಬಟ್ಟೆ ಇನ್ನೊಬ್ಬರ ಮೇಲೆ ಹೇರಿದ ಹೊರೆಯಾಯಿತು.

ನಮ್ಮ ನಡುವೆಯೂ ಬೇರೆ ಬೇರೆ ನೆನಪು ಇರುವವರಿದ್ದಾರೆ. ಆಫೀಸಿನಲ್ಲಿ ಪಂಚೆಯ ಬಗ್ಗೆ ಮಾತಾಡುವಾಗ ಇದನ್ನು ಮರೆಯಬೇಡಿ. ಯಾರು ಮೊಣಕಾಲಿನ ಕೆಳಗೆ ಬಟ್ಟೆ ಇಳಿಬಿಡಬಹುದು, ಯಾರು ಮೆಟ್ಟು ಮೆಟ್ಟಬಹುದು ಎಂದು ಜಾತಿ ನೋಡಿ ಹೇಳಿದ ಹಳ್ಳಿಗಳು ನಮ್ಮವು. ತಿರುವಾಂಕೂರು ಸಂಸ್ಥಾನದಲ್ಲಿ ಕೆಳಜಾತಿ ಎನಿಸಿದ್ದ ನಾಡಾರ್ ಹೆಂಗಸರಿಗೆ ಎದೆ ಮುಚ್ಚುವ ಹಕ್ಕು ಹೋರಾಟದಿಂದ ಬಂತು, 1859ರಲ್ಲಿ. 1927ರಲ್ಲಿ ಮಹಾರಾಷ್ಟ್ರದ ಮಹಾಡ್‌ನಲ್ಲಿ ಅಂಬೇಡ್ಕರ್ ಹೆಂಗಸರನ್ನು ಕೂರಿಸಿಕೊಂಡು, ಜಾತಿಯ ಗುರುತಾಗಿರುವ ಹಳೇ ರೀತಿಯ ಉಡಿಗೆ ಬಿಡಿ, ಮೇಲ್ಜಾತಿಯ ಹೆಂಗಸರ ಹಾಗೆ ಸೀರೆ ಉಡಿ ಎಂದು ಹೇಳಿದರು. ಅವರು ಸ್ವತಃ ತೊಟ್ಟದ್ದು ಸೂಟು. ಊರೂರಿನ ಪ್ರತಿಮೆಗಳಲ್ಲಿ ಆ ನೀಲಿ ಸೂಟು ಇದೆ. ಅದು ಪರದೇಶದ ವ್ಯಾಮೋಹ ಅಲ್ಲ. ‘ನನ್ನ ಜಾತಿಯನ್ನು ನನ್ನ ಬಟ್ಟೆಯಲ್ಲಿ ಓದಲು ಬಿಡುವುದಿಲ್ಲ’ ಎಂಬ ಮಾತು. ನಿಮ್ಮ ಸಹೋದ್ಯೋಗಿ ಯಾರಾದರೂ ‘ನನಗೆ ಪ್ಯಾಂಟೇ ಮರ್ಯಾದೆ’ ಅಂದರೆ ಅವರಿಗೂ ಒಂದು ಚರಿತ್ರೆ ಇದೆ. ಅವರಿಗೆ ಪಂಚೆಯ ಪಾಠ ಹೇಳಲು ಹೋಗಬೇಡಿ.

ಇನ್ನು ‘ಏನು ವಿಶೇಷ?’ ಎಂಬ ಪ್ರಶ್ನೆ.

ಅದನ್ನು ಕೇಳುವವರು ಕೆಟ್ಟವರಲ್ಲ. ಅವರು ಪಂಚೆ ನೋಡಿರುವುದು ಮದುವೆಯಲ್ಲಿ, ಪೂಜೆಯಲ್ಲಿ, ಆಫೀಸಿನ ಎಥ್ನಿಕ್ ಡೇ ದಿನ. ನಮ್ಮದೇ ಊರಿನಲ್ಲಿ ನಮ್ಮ ಬಟ್ಟೆಗೆ ‘ಎಥ್ನಿಕ್’ ಎಂದು ಹೆಸರಿಟ್ಟು ವರ್ಷಕ್ಕೊಂದು ದಿನ ಕೊಟ್ಟಿದ್ದೇವೆ ಎಂಬುದು ನನಗೆ ನೋವಿನ ಸಂಗತಿ. ವಿಶೇಷ ದಿನದ ಬಟ್ಟೆ ಪೆಟ್ಟಿಗೆಯಲ್ಲಿ ಚೆನ್ನಾಗಿರುತ್ತದೆ, ಬದುಕಿನಲ್ಲಿ ಇರುವುದಿಲ್ಲ. ಕೇರಳಕ್ಕೆ ಹೋದಾಗ ನೋಡಿ. ಮೀನು ಮಾರುವವನೂ ಮುಂಡು, ಬ್ಯಾಂಕಿನಲ್ಲಿ ಕೂತವನೂ ಮುಂಡು. ಅಲ್ಲಿ ಯಾರೂ ‘ಏನು ವಿಶೇಷ’ ಎಂದು ಕೇಳುವುದಿಲ್ಲ. ಹಾಗಾಗಿ ನಿಮಗೆ ನನ್ನ ಸಲಹೆ ಒಂದೇ. ಹಬ್ಬದ ದಿನ ಆಫೀಸಿಗೆ ಪಂಚೆ ಉಡಬೇಡಿ. ಮಾಮೂಲಿ ಮಂಗಳವಾರ ಉಡಿ. ಪ್ರಶ್ನೆ ಬಂದರೆ ‘ಏನಿಲ್ಲ, ಸುಮ್ನೆ’ ಎಂದು ಹೇಳಿ. ಸಂಸ್ಕೃತಿಯ ಭಾಷಣ ಬೇಡ. ಮೂರು ವಾರ ಕೇಳುತ್ತಾರೆ. ಆಮೇಲೆ ಕಣ್ಣು ಒಗ್ಗುತ್ತದೆ.

ಕೈಗೆ ಬರುವ ಹಾಗೆ ಒಂದಿಷ್ಟು ಹೇಳುತ್ತೇನೆ. ಅಗಲ ಜರಿಯ ಅಂಚು ಬೇಡ, ಅದನ್ನು ಕಂಡರೆ ಮದುವೆ ಮನೆಯೇ ನೆನಪಾಗುತ್ತದೆ. ಬೆರಳಗಲದ ಬಣ್ಣದ ಅಂಚು, ಹತ್ತಿ ಬಟ್ಟೆ. ಪಾಲಿಯೆಸ್ಟರ್ ಬೆರೆತದ್ದು ಮಡಿಕೆ ಚೆನ್ನಾಗಿ ನಿಲ್ಲಿಸುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ, ಆದರೆ ನಡುವಿನಲ್ಲಿ ಜಾರುತ್ತದೆ, ಬೆವರೂ ಹೀರುವುದಿಲ್ಲ. ನಾಲ್ಕು ಮೊಳದ ಒಂಟಿ ಪಂಚೆ ಮನೆಗೆ ಸಾಕು. ಆಫೀಸಿಗೆ ಎಂಟು ಮೊಳದ ಡಬಲ್ ಪಂಚೆ ತಗೊಳ್ಳಿ. ಎರಡು ಪದರ ಇರುವುದರಿಂದ ತೆಳುವಾಗಿ ಕಾಣುವುದಿಲ್ಲ, ಇಳಿಬಿಟ್ಟಾಗ ಗಂಭೀರವಾಗಿ ನಿಲ್ಲುತ್ತದೆ. ಗಂಜಿ ಸ್ವಲ್ಪ ತೆಳ್ಳಗೆ ಹಾಕಿ. ಜಾಸ್ತಿ ಹಾಕಿದರೆ ಕೂತು ಎದ್ದಾಗ ಮುರಿದ ಕಾಗದದ ಹಾಗೆ ಕಾಣುತ್ತದೆ. ಶರ್ಟು ಗಾಢ ಬಣ್ಣದ್ದಿರಲಿ. ಬಿಳಿ ಮೇಲೆ ಬಿಳಿ ಉಟ್ಟರೆ ಬೆಂಗಳೂರಿನಲ್ಲಿ ಎಲ್ಲರೂ ನಿಮ್ಮನ್ನು ರಾಜಕಾರಣಿ ಎಂದುಕೊಳ್ಳುತ್ತಾರೆ. ವೆಲ್ಕ್ರೋ ಪಂಚೆಯನ್ನು ನಾನು ಬೈಯುವುದಿಲ್ಲ. ಮೊದಲ ತಿಂಗಳು ಧೈರ್ಯಕ್ಕೆ ಅದೂ ಆದೀತು. ಫೋನಿಗೆ, ಕಾರ್ಡಿಗೆ ಜೇಬು ಎಲ್ಲಿ ಅಂತ ಚಿಂತೆ ಬೇಡ. ನಮ್ಮ ಹಿರಿಯರ ಪಟ್ಟಾಪಟ್ಟಿ ಚಡ್ಡಿಯಲ್ಲಿ ಜೇಬು ಸುಮ್ನೆ ಇರಲಿಲ್ಲ. ಈಗ ಜೇಬಿನ ಹತ್ತಿ ಚಡ್ಡಿ ಎಲ್ಲ ಕಡೆ ಸಿಗುತ್ತದೆ. ಎಸ್ಕಲೇಟರ್ ಹತ್ತುವಾಗ ಒಂದು ತುದಿಯನ್ನು ಕೈಯಲ್ಲಿ ಎತ್ತಿ ಹಿಡಿಯಿರಿ, ಇದು ಮಾತ್ರ ಮರೆಯಬೇಡಿ. ಬೈಕಿಗಾದರೆ ಕಚ್ಚೆಯೇ ವಾಸಿ. ಎತ್ತಿ ಕಟ್ಟಿದ್ದರೆ ದೊಡ್ಡವರು ಎದುರಿಗೆ ಬಂದಾಗ ಇಳಿಬಿಡುವ ಹಳೆಯ ರೂಢಿ ಇದೆ. ಮೀಟಿಂಗ್ ರೂಮಿನ ಬಾಗಿಲಲ್ಲೂ ಅದನ್ನು ಪಾಲಿಸಿ.

ಸಾಧ್ಯವಾದರೆ ಒಂದಾದರೂ ಕೈಮಗ್ಗದ್ದಿರಲಿ. ಮೇಲುಕೋಟೆಯಲ್ಲಿ ಪಂಚೆ ನೇಯುವ ಕೈಗಳು ಇನ್ನೂ ಇವೆ. ರಾಜ್ಯದ ಕೈಮಗ್ಗ ನಿಗಮದ ಪ್ರಿಯದರ್ಶಿನಿ ಮಳಿಗೆಗಳೂ ಇವೆ. ದಿನಾ ಉಡುವವರು ಇದ್ದರೆ ಮಾತ್ರ ನೇಯುವವರು ಉಳಿಯುತ್ತಾರೆ. ಮದುವೆ ಸೀಸನ್ ನಂಬಿ ಮಗ್ಗ ನಡೆಯುವುದಿಲ್ಲ. ಮಗ್ಗದ ಮನೆಯಲ್ಲಿ ಬೆಳೆದವನಾಗಿ ಇದನ್ನು ಹೇಳುತ್ತಿದ್ದೇನೆ.

ಹೆಂಡತಿಯ ಮುಜುಗರವನ್ನು ವಾದ ಮಾಡಿ ಗೆಲ್ಲಬೇಡಿ. ಜೊತೆಗೆ ಹೋಗುವಾಗ ಜನ ನಿಮ್ಮನ್ನು ನೋಡಿ ಅವರನ್ನೂ ನೋಡುತ್ತಾರೆ. ಆ ನೋಟದ ಅರ್ಧ ಭಾರ ಅವರ ಮೇಲೂ ಬೀಳುತ್ತದೆ. ಮೊದಲು ತರಕಾರಿ ಮಾರ್ಕೆಟ್ಟು, ಆಮೇಲೆ ಹೋಟೆಲು, ಆಮೇಲೆ ಅವರ ಗೆಳತಿಯರ ಮನೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗಿ. ಅವರು ನಾಳೆ ಸೀರೆ ಬಿಟ್ಟು ಜೀನ್ಸ್ ತೊಡುತ್ತೇನೆ ಎಂದರೆ ಅದಕ್ಕೂ ಇಷ್ಟೇ ಸಮಾಧಾನ ಇರಲಿ.

ಈಗ ಅಪ್ಪ.

ನೀವು ತಪ್ಪು ಮಾಡಿದಿರಿ ಎಂದು ನಾನು ಹೇಳಲಾರೆ. ಬಾಗಿಲಲ್ಲಿ ಯಾರಾದರೂ ತಡೆದಾರು, ಅಪ್ಪನಿಗೆ ಅವಮಾನವಾದೀತು ಎಂಬ ಭಯದಲ್ಲಿ ಹೇಳಿದಿರಿ. ನಮ್ಮಣ್ಣನೂ ಹಾಗೇ ಪ್ಯಾಂಟು ಕೊಡುತ್ತಿದ್ದ. ಅವಮಾನವನ್ನು ತಪ್ಪಿಸಲು ಹೋಗಿ ನಾವೇ ಮನೆಯಲ್ಲಿ ಮೊದಲ ಬಾಗಿಲು ಹಾಕುತ್ತೇವೆ. ನಮ್ಮಪ್ಪ ತೀರಿಕೊಂಡ ಮೇಲೆ ನನಗೆ ಇದು ಅರ್ಥವಾಯಿತು. ನಿಮಗೆ ಇನ್ನೂ ಸಮಯವಿದೆ.

ಅವರಲ್ಲಿ ಕ್ಷಮೆ ಕೇಳಲು ಮಾತು ಹುಡುಕಬೇಡಿ. ನಮ್ಮ ಅಪ್ಪಂದಿರಿಗೆ ಆ ಮಾತು ಕೇಳಿ ರೂಢಿಯಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಹೊಸ ಧೋತರ ತಗೊಂಡು ಹೋಗಿ. ಎರಡು ತಗೊಳ್ಳಿ. ‘ಅಪ್ಪಾ, ಕಚ್ಚೆ ಹಾಕೋದು ನಂಗ ಬರವಲ್ದು, ಕಲಸು’ ಅನ್ನಿ. ನಿಮಗೆ ಅಡ್ಡ ಪಂಚೆ ಉಡಲು ಬಂದರೂ ಕಚ್ಚೆ ಬರುವುದಿಲ್ಲ ಎಂದುಕೊಂಡಿದ್ದೇನೆ. ವಿಡಿಯೋ ನೋಡಿ ಕಲಿಯಬೇಡಿ. ನಡುವಿನ ಗಂಟು ಎಷ್ಟು ಬಿಗಿ ಇರಬೇಕು, ಹಿಂದಕ್ಕೆ ಸಿಕ್ಕಿಸುವ ತುದಿಯನ್ನು ಎಷ್ಟು ಎಳೆಯಬೇಕು ಎಂಬುದು ಕಣ್ಣಿಗೆ ತಿಳಿಯುವುದಿಲ್ಲ. ಇನ್ನೊಬ್ಬರ ಕೈ ನಿಮ್ಮ ನಡುವಿನ ಮೇಲೆ ಇರಬೇಕು. ಅವರು ಎರಡು ಸಲ ಬಿಚ್ಚಿ ಮತ್ತೆ ಕಟ್ಟುತ್ತಾರೆ, ಸ್ವಲ್ಪ ಬೈಯುತ್ತಾರೆ. ಆಮೇಲೆ ಇಬ್ಬರೂ ಸಂತೆಗೆ ಹೋಗಿ ಬನ್ನಿ. ಬೆಂಗಳೂರಿಗೆ ಅವರು ಬಂದಾಗ ಅದೇ ಮಾಲ್‌ಗೆ, ಅದೇ ಧೋತರದಲ್ಲಿ ಕರೆದುಕೊಂಡು ಹೋಗಿ. ನೀವೂ ಕಚ್ಚೆ ಹಾಕಿರಿ. ಬಾಗಿಲಲ್ಲಿ ಅಪ್ಪ ನಿಮ್ಮ ಹಿಂದೆ ಬೇಡ, ಪಕ್ಕದಲ್ಲಿ ಇರಲಿ.